ರಕ್ತದ ರಿಪೋರ್ಟಿನಲ್ಲಿ ಕಾಣದ್ದು

"ನಾಯಿ, ಟೋಪಿ, ಅವರೆ, ಕೆಂಪು." ವೈದ್ಯರು ಈ ನಾಲ್ಕು ಪದಗಳನ್ನು ಒಂದೊಂದಾಗಿ, ನಡುವೆ ಒಂದೊಂದು ಸೆಕೆಂಡು ಬಿಟ್ಟು ಹೇಳುತ್ತಾರೆ. ಎದುರಿಗೆ ಕೂತವರು ಅವನ್ನು ಹಾಗೇ ತಿರುಗಿ ಹೇಳಬೇಕು. "ನೆನಪಿಟ್ಟುಕೊಳ್ಳಿ, ಆಮೇಲೆ ಮತ್ತೆ ಕೇಳ್ತೀನಿ" ಎಂದು ಹೇಳಿ ವೈದ್ಯರು ಬೆರಳಿನ ಕೆಲಸ ಕೊಡುತ್ತಾರೆ. ಬಲಗೈಯವರಾದರೆ ಎಡಗೈಯ ಹೆಬ್ಬೆರಳು, ತೋರುಬೆರಳನ್ನು ಆದಷ್ಟು ಅಗಲ ತೆರೆದು ಬೇಗ ಬೇಗ ತಟ್ಟಬೇಕು. 5 ಸೆಕೆಂಡಿನಲ್ಲಿ 15 ಸಲ ತಟ್ಟಿದರೆ ಪೂರ್ತಿ 4 ಅಂಕ. ಅದು ಮುಗಿದರೆ ಮೇಜಿನ ಮೇಲೆ ಒಮ್ಮೆ ಮುಷ್ಟಿ, ಒಮ್ಮೆ ಮಲಗಿಸಿದ ಅಂಗೈ, ಒಮ್ಮೆ ಕಿರುಬೆರಳಿನ ಅಂಚಿನ ಮೇಲೆ ನಿಲ್ಲಿಸಿದ ಕೈ. ಈ ಸರಣಿಯನ್ನು 10 ಸೆಕೆಂಡಿನೊಳಗೆ ನಾಲ್ಕು ಸುತ್ತು ಮುಗಿಸಬೇಕು. ಕೊನೆಗೆ ಆ ನಾಲ್ಕು ಪದ ಯಾವುವು ಎಂಬ ಪ್ರಶ್ನೆ. ನೆನಪಾಗದಿದ್ದರೆ "ಒಂದು ಪ್ರಾಣಿ", "ಒಂದು ಬಣ್ಣ" ಎಂದು ಸುಳಿವು ಸಿಗುತ್ತದೆ, ಆದರೆ ಸುಳಿವಿನಿಂದ ಹೇಳಿದ್ದಕ್ಕೆ ಅರ್ಧ ಅಂಕ ಮಾತ್ರ. ಒಟ್ಟು 12ರಲ್ಲಿ 10 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ತಪಾಸಣೆ ಬೇಕು ಎಂದರ್ಥ.

ಇದಕ್ಕೆ ಇಂಟರ್‌ನ್ಯಾಷನಲ್ ಎಚ್‌ಐವಿ ಡಿಮೆನ್ಷಿಯಾ ಸ್ಕೇಲ್ ಎಂದು ಹೆಸರು. ಅಮೆರಿಕದ ಬಾಲ್ಟಿಮೋರ್ ಮತ್ತು ಉಗಾಂಡದ ಕಂಪಾಲಾದಲ್ಲಿ ಪರೀಕ್ಷಿಸಿ ನೋಡಿ 2005ರಲ್ಲಿ ಪ್ರಕಟಿಸಿದ್ದು. ಇಂಗ್ಲಿಷ್ ಬೇಡ, ಬರೆಯುವುದು ಬೇಡ, ಯಂತ್ರ ಬೇಡ. ಶಾಲೆಯ ಮೆಟ್ಟಿಲು ಹತ್ತದವರಿಗೂ ಐದು ನಿಮಿಷದಲ್ಲಿ ಮಾಡಿ ಮುಗಿಸಬಹುದು.

ಎಚ್‌ಐವಿ ಇದ್ದವರಿಗೆ ಮಿದುಳಿನ ಪರೀಕ್ಷೆ ಯಾಕೆ? ಅದರಲ್ಲೂ ವರ್ಷಗಟ್ಟಲೆ ಒಂದು ದಿನವೂ ತಪ್ಪದೆ ವೈರಸ್ಸನ್ನು ಅಡಗಿಸುವ ಎಆರ್‌ಟಿ ಗುಳಿಗೆ ನುಂಗುತ್ತ, ವೈರಲ್ ಲೋಡ್ ರಿಪೋರ್ಟಿನಲ್ಲಿ ವೈರಸ್ ಪತ್ತೆಯಾಗಿಲ್ಲ ಎಂಬ ಸಾಲನ್ನು ನೋಡಿ ನಿಟ್ಟುಸಿರು ಬಿಟ್ಟವರಿಗೆ? ಒಂದು ಮಾತು ಮೊದಲೇ ಹೇಳಿಬಿಡಬೇಕು. ಇವತ್ತು ಚಿಕಿತ್ಸೆಯಲ್ಲಿರುವ ಬಹುಪಾಲು ಮಂದಿ ದುಡಿಯುತ್ತಾರೆ, ಸಂಸಾರ ಮಾಡುತ್ತಾರೆ, ಮೊಮ್ಮಕ್ಕಳನ್ನು ಆಡಿಸುತ್ತಾರೆ. ಎಚ್‌ಐವಿ ಎಂದರೆ ಬುದ್ಧಿ ಕೆಡುವ ಕಾಯಿಲೆ ಅಂತ ಯಾರೂ ತಿಳಿಯಬೇಕಾಗಿಲ್ಲ. ಆದರೆ ಗುಳಿಗೆ ಶುರುವಾದ ಮೇಲೂ ತಲೆಗೆ, ಬೆನ್ನುಹುರಿಗೆ, ಕಾಲಿನ ನರಗಳಿಗೆ ತೊಂದರೆ ಬರಬಹುದು. ಅದರಲ್ಲಿ ಹಲವನ್ನು ರಕ್ತದ ರಿಪೋರ್ಟು ಹೇಳುವುದಿಲ್ಲ.

ಎಚ್‌ಐವಿ ಮಿದುಳಿಗೆ ಹೋಗುವುದು ಕಾಯಿಲೆ ಹಳತಾದ ಮೇಲಲ್ಲ. ಬ್ಯಾಂಕಾಕಿನಲ್ಲಿ, ಸೋಂಕು ತಗುಲಿ ಕೆಲವೇ ದಿನ ಆದವರ ಬೆನ್ನಿನ ನೀರನ್ನು (ಮಿದುಳು, ಬೆನ್ನುಹುರಿಯ ಸುತ್ತಲಿನ ದ್ರವ) ಪರೀಕ್ಷಿಸಿದ ಸಂಶೋಧಕರಿಗೆ ಎಂಟನೇ ದಿನದ ಹೊತ್ತಿಗೇ ವೈರಸ್ ಸಿಕ್ಕಿತ್ತು. 2012ರಲ್ಲಿ ಪ್ರಕಟವಾದ ಅಧ್ಯಯನ ಅದು. ರಕ್ತ ಮತ್ತು ಮಿದುಳಿನ ನಡುವೆ ಕಂಡಕಂಡದ್ದನ್ನೆಲ್ಲ ಒಳಗೆ ಬಿಡದ ಒಂದು ತಡೆ ಇದೆ. ಸೋಂಕು ಹೊತ್ತ ಬಿಳಿ ರಕ್ತಕಣಗಳಿಗೆ ಆ ತಡೆ ದಾಟುವ ಪರವಾನಗಿ ಮೊದಲಿನಿಂದ ಇದ್ದದ್ದೇ. ವೈರಸ್ ಅವುಗಳ ಹೊಟ್ಟೆಯೊಳಗೆ ಕೂತು ಹೋಗುತ್ತದೆ. ಅಲ್ಲಿ ಅದು ನರಕೋಶಗಳನ್ನು ನೇರವಾಗಿ ಹಿಡಿಯುವುದಿಲ್ಲ. ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾಗಳಲ್ಲಿ ಮನೆ ಮಾಡುತ್ತದೆ. ಈ ಕೋಶಗಳಿಗೆ ಆಯುಸ್ಸು ಜಾಸ್ತಿ, ವರ್ಷಗಟ್ಟಲೆ ಬದುಕುತ್ತವೆ. ಅವು ಕೆರಳಿ ಸುರಿಸುವ ರಾಸಾಯನಿಕಗಳಿಂದ ಪಕ್ಕದ ನರಕೋಶಗಳು ನರಳುತ್ತವೆ. ಮಿದುಳಿಗೆ ಎಲ್ಲ ಔಷಧಿಯೂ ಒಂದೇ ಪ್ರಮಾಣದಲ್ಲಿ ತಲುಪುವುದಿಲ್ಲ. ನಡುಮನೆಯನ್ನು ಎಷ್ಟು ಚೊಕ್ಕವಾಗಿ ಗುಡಿಸಿ ಸಾರಿಸಿದರೂ ಅಟ್ಟದ ಮೇಲಿನ ಧೂಳು ಹಾಗೇ ಉಳಿದಂತೆ.

ಔಷಧಿ ಇಲ್ಲದ ಕಾಲದಲ್ಲಿ ಮಿದುಳಿನ ಈ ಹಾನಿಯ ಉಗ್ರರೂಪ ಕಾಣುತ್ತಿತ್ತು. ನ್ಯೂಯಾರ್ಕಿನ ನರವೈದ್ಯರಾದ ಬ್ರಾಡ್‌ಫೋರ್ಡ್ ನೇವಿಯಾ, ರಿಚರ್ಡ್ ಪ್ರೈಸ್ ಮತ್ತು ಸಂಗಡಿಗರು 1986ರಲ್ಲಿ ಅದನ್ನು ಏಡ್ಸ್ ಡಿಮೆನ್ಷಿಯಾ ಎಂದು ವಿವರಿಸಿದರು. ಯೋಚನೆ ನಿಧಾನವಾಗುವುದು, ಮಾತಿನ ಮಧ್ಯೆ ಎಳೆ ತಪ್ಪುವುದು, ನಡಿಗೆ ತೂರಾಡುವುದು, ಯಾವುದರಲ್ಲೂ ಆಸಕ್ತಿ ಇಲ್ಲದಂತಾಗುವುದು, ಕೆಲವೇ ತಿಂಗಳಲ್ಲಿ ಹಾಸಿಗೆ ಹಿಡಿಯುವುದು. 1996ರಲ್ಲಿ ಮೂರು ಔಷಧಿಗಳ ಜೋಡಣೆ ಬಂದ ಮೇಲೆ ಶ್ರೀಮಂತ ದೇಶಗಳಲ್ಲಿ ಈ ಉಗ್ರ ಮರೆವು ಅಪರೂಪವಾಯಿತು. ಭಾರತ ಸರ್ಕಾರದ ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್ 1ರಂದು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಮತ್ತು ದೆಹಲಿಯಲ್ಲಿ ಅದು ಆರಂಭವಾಯಿತು, ಆ ಆರರಲ್ಲಿ ಕರ್ನಾಟಕವೂ ಒಂದು.

ಬೆಂಗಳೂರಿಗೆ ಈ ಕಥೆಯಲ್ಲಿ ದೊಡ್ಡ ಪಾತ್ರವೇ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ 1980ರ ದಶಕದ ಕೊನೆಯಿಂದಲೇ ಇಂಥ ರೋಗಿಗಳು ಬರತೊಡಗಿದ್ದರು. ಪಿ. ಸತೀಶ್‌ಚಂದ್ರ ಮತ್ತು ಸಹೋದ್ಯೋಗಿಗಳು 1989ರಿಂದ 1996ರವರೆಗಿನ ರೋಗಿಗಳ ವಿವರವನ್ನು 2000ದಲ್ಲಿ ಪ್ರಕಟಿಸಿದರು. ಅವರಲ್ಲಿ ಹೆಚ್ಚಿನವರ ಮಿದುಳನ್ನು ಕಾಡಿದ್ದು ಎಚ್‌ಐವಿಗಿಂತ ಹೆಚ್ಚಾಗಿ, ರೋಗನಿರೋಧಕ ಶಕ್ತಿ ಕುಸಿದಾಗ ನುಗ್ಗಿದ ಬೇರೆ ಸೋಂಕುಗಳು. ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರ, ಟಿಬಿ, ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ. ಪಾಶ್ಚಾತ್ಯ ವೈದ್ಯರು ಬರೆದಿದ್ದ ಡಿಮೆನ್ಷಿಯಾ ಇಲ್ಲಿ ತೀರಾ ವಿರಳ. ನಿಮ್ಹಾನ್ಸ್‌ನಲ್ಲಿ ಎಸ್.ಕೆ. ಶಂಕರ್, ಅನಿತಾ ಮಹಾದೇವನ್ ಮತ್ತಿತರರು ಶವಪರೀಕ್ಷೆಯಲ್ಲಿ ನೋಡಿದ ಮಿದುಳುಗಳೂ ಹೆಚ್ಚುಕಡಿಮೆ ಇದನ್ನೇ ಹೇಳಿದವು.

ಯಾಕಿರಬಹುದು? ಒಂದು ಉತ್ತರ ಬೇಸರದ್ದು: ಡಿಮೆನ್ಷಿಯಾ ಬರುವಷ್ಟು ದಿನ ನಮ್ಮವರು ಬದುಕುತ್ತಲೇ ಇರಲಿಲ್ಲ, ಅಷ್ಟರೊಳಗೆ ಟಿಬಿ ಕೊಲ್ಲುತ್ತಿತ್ತು. ಇನ್ನೊಂದು ಉತ್ತರ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಿಂದ ಬಂತು. ಭಾರತದಲ್ಲಿ ಹರಡಿರುವುದು ಬಹುತೇಕ ಎಚ್‌ಐವಿಯ ಸಿ ಉಪತಳಿ, ಅಮೆರಿಕ ಮತ್ತು ಯುರೋಪಿನಲ್ಲಿ ಬಿ. ವೈರಸ್ಸಿನ ಟ್ಯಾಟ್ ಎಂಬ ಪ್ರೋಟೀನು ಬಿಳಿ ರಕ್ತಕಣಗಳನ್ನು ತನ್ನತ್ತ ಸೆಳೆಯುತ್ತದೆ. ಅದಕ್ಕೆ ಅಕ್ಕಪಕ್ಕ ಕೂತ ಎರಡು ಸಿಸ್ಟೀನ್ ಅಮೈನೋ ಆಮ್ಲಗಳು ಬೇಕು. ಸಿ ಉಪತಳಿಯಲ್ಲಿ 31ನೇ ಜಾಗದ ಸಿಸ್ಟೀನ್ ಹೋಗಿ ಸೆರೀನ್ ಬಂದಿದೆ, ಹಾಗಾಗಿ ಸೆಳೆತ ದುರ್ಬಲ ಎಂದು ಉದಯಕುಮಾರ್ ರಂಗ ಅವರ ತಂಡ ನಿಮ್ಹಾನ್ಸ್ ವೈದ್ಯರ ಜತೆಗೂಡಿ 2004ರಲ್ಲಿ ತೋರಿಸಿತು. ನ್ಯೂಯಾರ್ಕಿನಲ್ಲಿ ವಿನಾಯಕ ಪ್ರಸಾದ್ ಅವರ ತಂಡ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲೂ ಭಾರತದ ಸಿ ತಳಿ ನೆನಪಿನ ಶಕ್ತಿಯನ್ನು ಕಡಿಮೆ ಕೆಡಿಸಿತ್ತು. ಒಂದೇ ಒಂದು ಅಮೈನೋ ಆಮ್ಲದ ಅದಲುಬದಲು!

ಹಾಗೆಂದು ನಮಗೆ ವಿನಾಯಿತಿ ಸಿಕ್ಕಿತು ಎಂದು ಕುಣಿಯುವ ಹಾಗಿರಲಿಲ್ಲ. ದಕ್ಷಿಣ ಆಫ್ರಿಕಾ ಭಾಗದ ಸಿ ತಳಿಗಳಲ್ಲಿ ಆ ಎರಡು ಸಿಸ್ಟೀನ್ ಹಾಗೇ ಉಳಿದಿರುವವು ನಮ್ಮಲ್ಲಿಗಿಂತ ಹೆಚ್ಚು ಸಿಕ್ಕವು. ಅಲ್ಲದೆ 2007ರಲ್ಲಿ ದಕ್ಷಿಣ ಭಾರತದ, ಇನ್ನೂ ಎಆರ್‌ಟಿ ಶುರುಮಾಡದಿದ್ದ 119 ಮಂದಿಯನ್ನು ವಿಸ್ತಾರವಾಗಿ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಸಣ್ಣ, ಮಧ್ಯಮ ಮಟ್ಟದ ಕೊರತೆ ಕಂಡಿತು. ತಟ್ಟನೆ ಪದ ಹೊಳೆಯದಿರುವುದು, ಕಲಿತದ್ದು ನಿಲ್ಲದಿರುವುದು ಇತ್ಯಾದಿ. ತೀವ್ರ ಕೊರತೆ ಯಾರಲ್ಲೂ ಇರಲಿಲ್ಲ. ಹುಡುಕಿದ್ದಕ್ಕೆ ಸಿಕ್ಕಿತು, ಹುಡುಕದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಇನ್ನು ಗುಳಿಗೆ ಶುರುಮಾಡಿದ ಮೊದಲ ಕೆಲವು ವಾರಗಳ ಮಾತು. ಇದು ಜೀವಕ್ಕೇ ಸಂಬಂಧಿಸಿದ್ದು. ರೋಗನಿರೋಧಕ ಕೋಶಗಳ ಲೆಕ್ಕವಾದ ಸಿಡಿ4 ಕೌಂಟ್ 100ಕ್ಕಿಂತ ಕೆಳಗಿಳಿದ ಮೇಲೆ ಆಸ್ಪತ್ರೆ ಕಂಡವರ ಮೈಯಲ್ಲಿ ಟಿಬಿಯೋ ಕ್ರಿಪ್ಟೋಕಾಕಸ್ಸೋ ಸದ್ದಿಲ್ಲದೆ ಕೂತಿರಬಹುದು. ಹೋರಾಡುವ ಪಡೆಯೇ ಇಲ್ಲವಾದ್ದರಿಂದ ಜ್ವರವೂ ಜೋರಾಗಿರುವುದಿಲ್ಲ. ಎಆರ್‌ಟಿ ಶುರುವಾಗಿ ರೋಗನಿರೋಧಕ ಶಕ್ತಿ ಮರಳುತ್ತಿದ್ದಂತೆ ಆ ಪಡೆ ಒಮ್ಮೆಲೇ ಎದ್ದು ಸಿಕ್ಕ ರೋಗಾಣುಗಳ ಮೇಲೆ ಮುಗಿಬೀಳುತ್ತದೆ. ಕದನ ನಡೆಯುವ ಜಾಗ ಮಿದುಳಾದರೆ ಅಲ್ಲಿ ಊತ. ತಲೆಬುರುಡೆಯೊಳಗೆ ಊತಕ್ಕೆ ಜಾಗವೆಲ್ಲಿದೆ? ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ, ಕಣ್ಣು ಮಂಜಾಗುತ್ತದೆ, ಫಿಟ್ಸ್ ಬರುತ್ತದೆ. ವೈದ್ಯರು ಇದನ್ನು ಚುಟುಕಾಗಿ ಐರಿಸ್ ಎನ್ನುತ್ತಾರೆ. ಮನೆಯವರಿಗೆ ಕಾಣುವುದು ಮಾತ್ರ ಒಂದೇ: "ಗುಳಿಗೆ ಶುರುಮಾಡಿದ ಮೇಲೇ ಹೀಗಾಯ್ತು." ಆಮೇಲೆ ಗುಳಿಗೆ ಬಿಟ್ಟುಬಿಡುತ್ತಾರೆ. ಅಲ್ಲಿಗೆ ಎರಡೂ ಕೆಟ್ಟಂತೆ.

ಹಾಗಾದರೆ ಮಿದುಳಲ್ಲಿ ಸೋಂಕಿದ್ದವರಿಗೆ ಎಆರ್‌ಟಿ ಯಾವಾಗ ಕೊಡಬೇಕು? ಬೇಗ ಕೊಟ್ಟಷ್ಟೂ ಒಳ್ಳೆಯದು ಎಂಬುದು ಹಲವರ ಅಂದಾಜಾಗಿತ್ತು. ಉಗಾಂಡ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಕ್ರಿಪ್ಟೋಕಾಕಸ್ ಮೆದುಳ್ಪೊರೆ ಉರಿಯೂತದ 177 ರೋಗಿಗಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಪ್ರಯೋಗ ಆ ಅಂದಾಜನ್ನು ತಲೆಕೆಳಗು ಮಾಡಿತು. ಒಂದೆರಡು ವಾರದೊಳಗೇ ಎಆರ್‌ಟಿ ಪಡೆದವರಲ್ಲಿ 26 ವಾರಗಳ ಹೊತ್ತಿಗೆ ಶೇ 45ರಷ್ಟು ಮಂದಿ ತೀರಿಕೊಂಡಿದ್ದರು. ಸುಮಾರು ಐದು ವಾರ ಕಾದವರಲ್ಲಿ ಶೇ 30. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಈಗ ಮೊದಲು ಶಿಲೀಂಧ್ರಕ್ಕೆ ಮದ್ದು, ನಾಲ್ಕರಿಂದ ಆರು ವಾರ ಬಿಟ್ಟು ಎಆರ್‌ಟಿ. ಟಿಬಿ ಮಿದುಳಿಗೆ ಹೋಗಿದ್ದರೂ ಹೀಗೆಯೇ ಕೆಲವು ವಾರ ಕಾಯುತ್ತಾರೆ. ವೈದ್ಯರು "ಸ್ವಲ್ಪ ತಡೀರಿ" ಎಂದರೆ ಅದು ಉದಾಸೀನವಲ್ಲ.

ಕ್ರಿಪ್ಟೋಕಾಕಸ್ ಬಗ್ಗೆ ಇನ್ನೂ ಎರಡು ಮಾತು ಹೇಳಲೇಬೇಕು. ಪಾರಿವಾಳದ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಇರುವ ಈ ಶಿಲೀಂಧ್ರ ಉಸಿರಿನ ಮೂಲಕ ಒಳಗೆ ಹೋಗುತ್ತದೆ. ಬೆನ್ನಿನ ನೀರಿಗೆ ಒಂದು ಹನಿ ಇಂಡಿಯಾ ಇಂಕ್ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪು ಹಿನ್ನೆಲೆಯಲ್ಲಿ ದುಂಡನೆಯ ಕೋಶ, ಅದರ ಸುತ್ತ ಬೆಳ್ಳನೆಯ ದಪ್ಪ ಕವಚ ಕಾಣುತ್ತದೆ. ಆ ಕವಚದ ಅಂಶ ರಕ್ತದಲ್ಲಿ ತಲೆನೋವಿಗೂ ವಾರಗಟ್ಟಲೆ ಮುಂಚೆಯೇ ಸಿಗುವುದರಿಂದ, ಸಿಡಿ4 ತೀರಾ ಕಡಿಮೆ ಇರುವವರಿಗೆ ಎಆರ್‌ಟಿಗೆ ಮೊದಲು ಕ್ರ್ಯಾಗ್ ಎಂಬ ಸರಳ ರಕ್ತಪರೀಕ್ಷೆ ಮಾಡಬೇಕು. ಇನ್ನೊಂದು ಸಂಗತಿ, ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರೆ ಕಾಲು ಹೋಗುತ್ತದೆ ಎಂಬ ಭಯ ನಮ್ಮ ಊರುಗಳಲ್ಲಿ ಬೇರೂರಿದೆ. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ. ಈ ಕಾಯಿಲೆಯಲ್ಲಂತೂ ತಲೆಯೊಳಗಿನ ಒತ್ತಡ ಇಳಿಸಲು ಮೇಲಿಂದ ಮೇಲೆ ನೀರು ತೆಗೆಯುವುದೇ ಚಿಕಿತ್ಸೆಯ ಒಂದು ಭಾಗ. ಅದಕ್ಕೆ ಒಪ್ಪದೆ ಕಣ್ಣು ಕಳೆದುಕೊಳ್ಳುವವರಿದ್ದಾರೆ.

ಎಲ್ಲಕ್ಕಿಂತ ವಿಚಿತ್ರವಾದದ್ದು ರಕ್ತದಲ್ಲಿ ಇಲ್ಲದ ವೈರಸ್ ಬೆನ್ನಿನ ನೀರಿನಲ್ಲಿ ಸಿಗುವ ಸ್ಥಿತಿ. ವೈದ್ಯಭಾಷೆಯಲ್ಲಿ ಸಿಎಸ್‌ಎಫ್ ಎಸ್ಕೇಪ್. ಅಪರೂಪವೇ, ಆದರೆ ನಮ್ಮ ದೇಶಕ್ಕೆ ಹತ್ತಿರದ್ದು. ಅಹಮದಾಬಾದ್ ಮತ್ತು ಪುಣೆಯ ವೈದ್ಯರು 2018ರಲ್ಲಿ ಇಂಥ ರೋಗಿಗಳ ವರದಿಗಳನ್ನು ಪ್ರಕಟಿಸಿದರು. ಅಹಮದಾಬಾದಿನ ಅಧ್ಯಯನ ಎರಡನೇ ಹಂತದ ಔಷಧಿಯಾದ ಅಟಜಾನವಿರ್ ತೆಗೆದುಕೊಳ್ಳುತ್ತಿದ್ದವರ ಬಗ್ಗೆಯೇ ಇತ್ತು. ಆ ಔಷಧಿ ಮಿದುಳಿಗೆ ಹೋಗುವುದು ಅಷ್ಟಕ್ಕಷ್ಟೆ. ತಪ್ಪದೆ ಗುಳಿಗೆ ನುಂಗುವ, ಎಲ್ಲ ರಿಪೋರ್ಟೂ ಸರಿಯಿರುವ ವ್ಯಕ್ತಿಗೆ ನಡಿಗೆ ತೂರಾಡತೊಡಗುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. "ವೈರಲ್ ಲೋಡ್ ಚೆನ್ನಾಗಿದೆಯಲ್ಲ" ಎಂದು ಅಲ್ಲಿಗೇ ಬಿಟ್ಟರೆ ಕಾರಣ ಸಿಗುವುದೇ ಇಲ್ಲ. ಬೆನ್ನಿನ ನೀರಿನ ವೈರಲ್ ಲೋಡ್ ನೋಡಿ, ಮಿದುಳಿಗೆ ಚೆನ್ನಾಗಿ ತಲುಪುವ ಔಷಧಿಗೆ ಬದಲಾಯಿಸಿದರೆ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ.

ಮದ್ದೇ ಕಾಟ ಕೊಟ್ಟ ಕಥೆಯೂ ಇದೆ. 2001ರಲ್ಲಿ ಸಿಪ್ಲಾ ಕಂಪನಿ ಮೂರು ಔಷಧಿಗಳ ಚಿಕಿತ್ಸೆಯನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇನೆ ಎಂದಾಗ ಜಗತ್ತು ಬೆರಗಾಯಿತು. ಆ ಮೂರರಲ್ಲಿ ಒಂದು ಸ್ಟಾವುಡಿನ್. ಅಗ್ಗ, ಪರಿಣಾಮಕಾರಿ, ಲಕ್ಷಾಂತರ ಜೀವ ಉಳಿಸಿದ್ದು. ಆದರೆ ಅದು ಕೋಶಗಳ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾವನ್ನು ಹಾಳುಗೆಡವುತ್ತಿತ್ತು. ಎಲ್ಲಕ್ಕಿಂತ ಉದ್ದದ ನರಗಳು ಮೊದಲು ಸೋಲುವುದರಿಂದ ಪಾದದಿಂದಲೇ ಶುರು. ಎರಡೂ ಅಂಗಾಲು ಉರಿ, ಜುಮುಜುಮು, ರಾತ್ರಿ ಹೊದಿಕೆ ತಾಗಿದರೂ ತಡೆಯಲಾಗದ ನೋವು, ಬರಬರುತ್ತ ಜೋಮು. ಕಾಲಿನಿಂದ ಚಪ್ಪಲಿ ಕಳಚಿಕೊಂಡದ್ದೂ ತಿಳಿಯದಂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸ್ಟಾವುಡಿನ್ ಕೈಬಿಡಲು ಹೇಳಿತು. ಔಷಧಿ ಹೋಯಿತು, ಅದನ್ನು ನುಂಗಿದ ಹಳಬರಲ್ಲಿ ಕೆಲವರ ಕಾಲುರಿ ಉಳಿಯಿತು. ಎಚ್‌ಐವಿಯೇ ಹೀಗೆ ನರ ಕೆಡಿಸುವುದುಂಟು; ಸಕ್ಕರೆ ಕಾಯಿಲೆ, ಮದ್ಯ, ಬಿ12 ಕೊರತೆ ಸೇರಿದರೆ ಇನ್ನೂ ಹೆಚ್ಚು. ಟಿಬಿ ತಡೆಗೆ ಕೊಡುವ ಐಸೋನಿಯಾಜಿಡ್ ಕೂಡ ಕಾಲಿನ ನರಕ್ಕೆ ತೊಂದರೆ ಮಾಡಬಲ್ಲದು. ಅದಕ್ಕೇ ಜೊತೆಯಲ್ಲೊಂದು ಬಿ6 ಗುಳಿಗೆ ಇರುತ್ತದೆ. ಬರೀ ವಿಟಮಿನ್ ಅಲ್ಲವೇ ಎಂದು ಅದನ್ನು ಡಬ್ಬಿಯಲ್ಲೇ ಬಿಡುವವರು ಗಮನಿಸಬೇಕು.

ಆಮೇಲೆ ಬಂದ ಎಫಾವಿರೆಂಜ್ ಕೆಟ್ಟ ಕೆಟ್ಟ ಕನಸು, ತಲೆಸುತ್ತು, ಮಂಕು ಕೊಡುತ್ತಿತ್ತು. ಅದಕ್ಕೇ ಮಲಗುವ ಹೊತ್ತಿಗೆ ನುಂಗಿಸುತ್ತಿದ್ದರು. ದೇಹದಿಂದ ಅದು ಬೇಗ ಹೊರಹೋಗದ ವಂಶವಾಹಿ ಗುಣವಿರುವ ಕೆಲವರಿಗೆ ತಿಂಗಳು, ವರ್ಷಗಳ ನಂತರ ನಡಿಗೆಯೇ ತೂರಾಡಿದ್ದುಂಟು. ಇವತ್ತು ಭಾರತದಲ್ಲಿ ಮೊದಲ ಆಯ್ಕೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್ ಸೇರಿದ ಟಿಎಲ್‌ಡಿ ಗುಳಿಗೆ. ದಿನಕ್ಕೆ ಒಂದು. ಹಿಂದಿನವುಗಳಿಗೆ ಹೋಲಿಸಿದರೆ ಸಾಧು. ಕೆಲವರಿಗೆ ನಿದ್ದೆ ಹಾರಿಹೋಗುತ್ತದೆ. ರಾತ್ರಿಯ ಬದಲು ಬೆಳಿಗ್ಗೆ ತೆಗೆದುಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಆದರೆ ಫಿಟ್ಸ್ ಇರುವವರಿಗೆ ಇಲ್ಲೊಂದು ತೊಡಕಿದೆ. ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಮಾತ್ರೆಗಳು ಡೊಲುಟೆಗ್ರವಿರ್‌ನ ಮಟ್ಟವನ್ನು ರಕ್ತದಲ್ಲಿ ಇಳಿಸಿಬಿಡುತ್ತವೆ. ಎಚ್‌ಐವಿ ಇದೆ ಎಂದು ಹೇಳಲು ಸಂಕೋಚಪಟ್ಟು ಬೇರೆ ಊರಿನ ನರವೈದ್ಯರಿಂದ ಇಂಥ ಮಾತ್ರೆ ಬರೆಸಿಕೊಂಡವರ ವೈರಸ್ ಮತ್ತೆ ಏಳಬಹುದು, ಗುಳಿಗೆ ಒಂದು ದಿನವೂ ತಪ್ಪಿಸದಿದ್ದರೂ. ವಿಷಯ ಗೊತ್ತಿದ್ದರೆ ವೈದ್ಯರು ಲೆವೆಟಿರಸಿಟಮ್‌ನಂಥ ಬೇರೆ ಮಾತ್ರೆ ಕೊಡುತ್ತಾರೆ. ಗ್ಯಾಸಿನ ಔಷಧಿ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳನ್ನೂ ಡೊಲುಟೆಗ್ರವಿರ್ ಜತೆ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಎಂದು ಎಆರ್‌ಟಿ ಕೇಂದ್ರದಲ್ಲಿ ಕೇಳಿಕೊಳ್ಳಬೇಕು.

ಉಳಿದದ್ದು ಸಣ್ಣ ಮರೆವಿನ ಪ್ರಶ್ನೆ. ಇದರ ಸುತ್ತ ವೈದ್ಯರಲ್ಲೇ ಜಗಳವಿದೆ. 2010ರಲ್ಲಿ ಅಮೆರಿಕದ ಚಾರ್ಟರ್ ಅಧ್ಯಯನ 1,555 ಮಂದಿಯನ್ನು ಪರೀಕ್ಷಿಸಿ ಶೇ 52ರಷ್ಟು ಮಂದಿಯಲ್ಲಿ ಏನಾದರೊಂದು ಕೊರತೆ ಇದೆ ಎಂದಿತು. ಆ ಸಂಖ್ಯೆ ಎಲ್ಲೆಡೆ ಓಡಾಡಿತು. ಆದರೆ ನಿಜವಾದ ಡಿಮೆನ್ಷಿಯಾ ಇದ್ದದ್ದು ಶೇ 2ರಷ್ಟು ಮಂದಿಗೆ. ಮೂರನೇ ಒಂದು ಭಾಗದಷ್ಟು ಜನರಿಗೆ ಯಾವ ತೊಂದರೆಯೂ ಇರಲಿಲ್ಲ, ಪರೀಕ್ಷೆಯಲ್ಲಿ ಅಂಕ ಮಾತ್ರ ಕಡಿಮೆ. ಅಂಕ ಕಡಿಮೆ ಬರಲು ಕಡಿಮೆ ಓದು, ನಿದ್ದೆಗೇಡು, ಖಿನ್ನತೆ ಹೀಗೆ ನೂರು ಕಾರಣ ಇರಬಹುದು. ಇಂಥವರಿಗೆಲ್ಲ ಮಿದುಳು ಕಾಯಿಲೆಯ ಪಟ್ಟ ಕಟ್ಟುವುದು ತಪ್ಪು, ಅಂಕದ ಜತೆ ಲಕ್ಷಣವೂ ಬೇಕು ಎಂದು 2023ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಗುಂಪೊಂದು ಹೇಳಿತು. ಅದು ವಿವೇಕದ ಮಾತು. ಎಚ್‌ಐವಿ ಎಂಬ ಒಂದು ಹಣೆಪಟ್ಟಿಯೇ ಸಾಕಷ್ಟು ಭಾರ.

ಖಿನ್ನತೆಯನ್ನಂತೂ ಮರೆಯಬಾರದು. ಕೆಲಸದಲ್ಲಿ ಗಮನವಿಲ್ಲ, ಎಲ್ಲ ಮರೆತುಹೋಗುತ್ತದೆ ಎಂದು ಬರುವವರಲ್ಲಿ ಎಷ್ಟೋ ಜನರ ಸಮಸ್ಯೆ ಅದೇ. ಅದಕ್ಕೆ ಚಿಕಿತ್ಸೆ ಇದೆ, ಫಲವೂ ಇದೆ.

ನಮ್ಮ ವ್ಯವಸ್ಥೆ ಗುಳಿಗೆ ಹಂಚುವುದರಲ್ಲಿ ದೊಡ್ಡ ಸಾಧನೆ ಮಾಡಿದೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಎಚ್‌ಐವಿ ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ಸಿಗುತ್ತಿದೆ. ಮಿದುಳನ್ನು ಕಾಪಾಡಲು ಇದಕ್ಕಿಂತ ದೊಡ್ಡ ಉಪಾಯವಿಲ್ಲ: ಬೇಗ ಪರೀಕ್ಷೆ, ಬೇಗ ಗುಳಿಗೆ, ನಡುವೆ ಬಿಡದಿರುವುದು. ಆದರೆ ಕ್ಯೂ ಉದ್ದವಿರುವ ಎಆರ್‌ಟಿ ಕೇಂದ್ರದಲ್ಲಿ ಗುಳಿಗೆ ಎಣಿಸುವುದು, ತೂಕ ನೋಡುವುದು, ವೈರಲ್ ಲೋಡ್ ಬರೆಯುವುದು ಇಷ್ಟರಲ್ಲೇ ಸಮಯ ಮುಗಿಯುತ್ತದೆ. ಕಾಲು ಉರಿಯುತ್ತಾ, ನಿದ್ದೆ ಬರುತ್ತಾ, ಮರೆವು ಹೆಚ್ಚಿದೆಯಾ ಎಂದು ಕೇಳುವುದಕ್ಕೂ ವರ್ಷಕ್ಕೊಮ್ಮೆ ಐದು ನಿಮಿಷ ಮೀಸಲಿಡಬೇಕು. ಕೇಳದಿದ್ದರೆ ರೋಗಿಯೇ ಹೇಳಬೇಕು. ಬಿಡದೆ ಕಾಡುವ ತಲೆನೋವು, ವಾಂತಿ, ಫಿಟ್ಸ್, ಒಂದು ಕಡೆ ಕೈಕಾಲು ಸೋಲುವುದು, ದೃಷ್ಟಿ ಮಸುಕಾಗುವುದು, ಸ್ವಭಾವವೇ ಬದಲಾದಂತೆ ಮನೆಯವರಿಗೆ ಅನಿಸುವುದು, ಇವಕ್ಕೆ ಮುಂದಿನ ತಿಂಗಳ ತಾರೀಖಿಗೆ ಕಾಯದೆ ಅವತ್ತೇ ಹೋಗಿ. ಗುಳಿಗೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಯಾವ ವೈದ್ಯರ ಬಳಿ ಹೋದರೂ ಎಚ್‌ಐವಿ ಇರುವುದನ್ನೂ ತೆಗೆದುಕೊಳ್ಳುತ್ತಿರುವ ಗುಳಿಗೆಯ ಹೆಸರನ್ನೂ ಹೇಳಿ. ಆ ಮಾಹಿತಿಯನ್ನು ವೈದ್ಯರು ಗುಟ್ಟಾಗಿಡಬೇಕು, ಅದೇ ಕಾರಣಕ್ಕೆ ಚಿಕಿತ್ಸೆ ನಿರಾಕರಿಸಬಾರದು ಎಂದು 2017ರ ಎಚ್‌ಐವಿ-ಏಡ್ಸ್ ಕಾಯ್ದೆ ಹೇಳುತ್ತದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡಿಲ್ಲ.